ನಿಮ್ಮಲ್ಲಿ ಮಳೆ ಎಷ್ಟು ಬಂತು ಮಾರಾಯ್ರೆ?

"ನಿಮ್ಮ ರೇಡಿಯೋ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ."

ಕನ್ನಡ ರೇಡಿಯೋದಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದು ಅಂತ ಯಾರಾದ್ರೂ ಸ್ಪರ್ಧೆ ಇಟ್ಟರೆ, ನನ್ನ ಓಟು ಇದಕ್ಕೇ. ಫೋನ್-ಇನ್ ಕಾರ್ಯಕ್ರಮ ಶುರುವಾಗುತ್ತೆ. ಲೈನ್ ಸಿಗುತ್ತೆ. ಆ ಕಡೆಯಿಂದ "ಹಲೋ, ಆಕಾಶವಾಣಿನಾ?" ಅನ್ನೋ ದನಿ. ಅದರ ಹಿಂದೆಯೇ ಕಿವಿ ಕಚ್ಚುವಂಥ ಕೂಂಯ್ ಶಬ್ದ. ನಿರೂಪಕರು ಬೇಡಿಕೊಳ್ತಾರೆ, ವಾಲ್ಯೂಮ್ ಕಡಿಮೆ ಮಾಡಿ ಅಂತ. ಕೇಳುಗರು ಅಷ್ಟೇ ವಿನಯದಿಂದ "ಕಡಿಮೆ ಮಾಡಿದ್ರೆ ನನ್ನ ಧ್ವನಿ ನನಗೆ ಕೇಳೋದು ಹ್ಯಾಗೆ ಸಾರ್?" ಅಂತಾರೆ. ನ್ಯಾಯವಾದ ಪ್ರಶ್ನೆ! ಜೀವನದಲ್ಲಿ ಮೊದಲ ಸಲ ತನ್ನ ದನಿ ಆಕಾಶಕ್ಕೆ ಹೋಗಿ ತನ್ನದೇ ಅಡುಗೆಮನೆಗೆ ವಾಪಸ್ ಬರ್ತಾ ಇದೆ. ಅದನ್ನ ಕೇಳಬೇಡ ಅಂದ್ರೆ ಹ್ಯಾಗೆ?

ಆ ಕೂಂಯ್ ಯಾಕೆ ಬರುತ್ತೆ ಅಂದ್ರೆ, ನಿಮ್ಮ ಮಾತು ಫೋನಿನಿಂದ ಸ್ಟುಡಿಯೋಗೆ ಹೋಗುತ್ತೆ. ಅಲ್ಲಿಂದ ಟ್ರಾನ್ಸ್‌ಮಿಟರ್, ಟ್ರಾನ್ಸ್‌ಮಿಟರಿನಿಂದ ನಿಮ್ಮದೇ ಮನೆಯ ರೇಡಿಯೋ. ಆ ರೇಡಿಯೋ ಸದ್ದು ಮತ್ತೆ ನಿಮ್ಮ ಫೋನಿನೊಳಗೆ ಹೊಕ್ಕು ಇನ್ನೊಂದು ಸುತ್ತು ಹೊರಡುತ್ತೆ. ಸುತ್ತಿ ಸುತ್ತಿ ದೊಡ್ಡದಾಗಿ ಕೊನೆಗೆ ಅದೊಂದು ಕಿರುಚಾಟ. ಈಗ ಮೊಬೈಲ್ ಆ್ಯಪಿನಲ್ಲಿ ರೇಡಿಯೋ ಕೇಳೋರ ಕಥೆಯೇ ಬೇರೆ. ಆ್ಯಪಿನಲ್ಲಿ ಸದ್ದು ಹಲವು ಸೆಕೆಂಡ್ ತಡವಾಗಿ ಬರುತ್ತೆ. ಮಾತಾಡ್ತಾ ಇರೋರಿಗೆ ತಮ್ಮದೇ ಹಳೇ ಮಾತು ಹಿಂದಿನಿಂದ ಕೇಳಿ ಗಲಿಬಿಲಿ. "ಯಾರೋ ನನ್ನ ಥರಾನೇ ಮಾತಾಡ್ತಿದಾರೆ ಮೇಡಂ" ಅಂತಾರೆ. ಸ್ಟುಡಿಯೋದಲ್ಲಿ ನಗು. ಕೇಳ್ತಿರೋ ಊರೆಲ್ಲ ನಗು. ಫೋನ್ ಮಾಡಿದವರೂ ನಗ್ತಾರೆ.

ಆ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ. ಫೋನ್ ಮಾಡಿದವರೂ ನಗ್ತಾರೆ.

ಟಿವಿ ಪರದೆ ಮೇಲೆ ಕೂತು ಮಾತಾಡೋ ಮನುಷ್ಯನಿಗೆ ರೇಡಿಯೋ ವಿಷಯ ಯಾಕೆ ಅಂತ ಕೇಳಬಹುದು. ಕಾರಣ ಇದೆ. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ದೇಶದ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಡ್ತು. ಅಲ್ಲಿವರೆಗೆ ಖಾಸಗಿ ಎಫ್‌ಎಂ ಅಂದ್ರೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಅಷ್ಟೇ. ಹೊಸ ಪಟ್ಟಿಯಲ್ಲಿ ಚಿಕ್ಕಮಗಳೂರಿನ ಹೆಸರೂ ಇದೆ. ಹರಾಜು ಅಂದ್ರೆ ಹಣ ಹಾಕೋರು ಬೇಕು, ಜಾಹೀರಾತು ಸಿಗಬೇಕು, ಅದೆಲ್ಲ ಬೇರೆ ಮಾತು. ಆದರೆ ಒಂದಲ್ಲ ಒಂದು ದಿನ ಕಾಫಿ ತೋಟದ ಮಧ್ಯೆ ಒಬ್ಬ ಆರ್‌ಜೆ ಕೂತು ಬೆಳಗ್ಗೆ ಏಳು ಗಂಟೆಗೆ "ಗುಡ್ ಮಾರ್ನಿಂಗ್ ಚಿಕ್ಕಮಗಳೂರು" ಅಂತಾನೆ. ಜನರನ್ನ ನಗಿಸ್ತಾನೆ. ಯಾರನ್ನ ಇಟ್ಕೊಂಡು ನಗಿಸ್ತಾನೆ? ನನ್ನ ಪ್ರಶ್ನೆ ಅದು.

ಮೊದಲು ಆ ಗುಡ್ಡಗಳಲ್ಲಿ ರೇಡಿಯೋ ಹ್ಯಾಗೆ ಕೇಳುತ್ತೆ ಅಂತ ನೋಡಿ. ಎಫ್‌ಎಂ ತರಂಗ ಹೆಚ್ಚುಕಡಿಮೆ ಬೆಳಕಿನ ಹಾಗೆ. ನೇರ ಹೋಗುತ್ತೆ, ಎದುರಿಗೆ ಗುಡ್ಡ ಸಿಕ್ಕರೆ ಹಿಂದೆ ನೆರಳು. ಬಯಲುಸೀಮೆಯಲ್ಲಿ ಒಂದು ಟವರ್ ಹಾಕಿದ್ರೆ ಸುತ್ತ ನಾಲ್ಕು ತಾಲೂಕಿಗೆ ಕೇಳುತ್ತೆ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೊರಡಿ, ಒಂದು ತಿರುವಿನಲ್ಲಿ ಮಂಗಳೂರು ಸ್ಪಷ್ಟ, ಮುಂದಿನ ತಿರುವಿನಲ್ಲಿ ಬರೀ ಸೊಂಯ್, ಅದರ ಮುಂದಿನ ತಿರುವಿನಲ್ಲಿ ಹಾಸನ ಬಂದು ಕೂತಿರುತ್ತೆ. ಮೀಡಿಯಂ ವೇವ್ ಹಾಗಲ್ಲ. ಅದರ ತರಂಗ ನೂರಾರು ಮೀಟರ್ ಉದ್ದ. ನೆಲ ಹಿಡಿದು, ಗುಡ್ಡ ಹತ್ತಿ ಇಳಿದು ಬರುತ್ತೆ. ಅದಕ್ಕೇ ಈ ಭಾಗದ ಹಳಬರಿಗೆ ರೇಡಿಯೋ ಅಂದ್ರೆ ಭದ್ರಾವತಿ. 1965ರಿಂದ ಭದ್ರಾವತಿ, 1976ರಿಂದ ಮಂಗಳೂರು, ಆಮೇಲೆ ಹಾಸನ, ಹೀಗೆ ಮೂರು ದಿಕ್ಕಿನಿಂದ ಮೂರು ಊರಿನ ದನಿ ಈ ಗುಡ್ಡಗಳಿಗೆ ಬಂತು. ರಾತ್ರಿ ಆದ್ರೆ ಇನ್ನೂ ಮಜಾ. ಕತ್ತಲಾದ ಮೇಲೆ ಮೀಡಿಯಂ ವೇವ್ ಆಕಾಶದ ಮೇಲಿನ ಪದರಕ್ಕೆ ಬಡಿದು ದೂರದೂರಕ್ಕೆ ಇಳಿಯುತ್ತೆ. ಕಣದಲ್ಲಿ ಕಾಫಿ ಕಾಯ್ತಾ ಕೂತವನ ಪುಟ್ಟ ಸೆಟ್ಟಿಗೆ ಎಲ್ಲಿಯದೋ ಭಾಷೆ, ಎಲ್ಲಿಯದೋ ಹಾಡು.

ಮಳೆಗಾಲದಲ್ಲಿ ಕರೆಂಟ್ ಹೋದ್ರೆ ನಮ್ಮ ಟಿವಿ ಅಲ್ಲಿ ಬರೀ ಕರಿ ಪೆಟ್ಟಿಗೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡ ಕುಸಿದಾಗ ರಾಜ್ಯವೆಲ್ಲ ಆ ದೃಶ್ಯ ಟಿವಿಯಲ್ಲಿ ನೋಡ್ತು. ಕುಸಿದ ಗುಡ್ಡದ ಕೆಳಗಿನ ಕತ್ತಲಲ್ಲಿ ಇದ್ದವರಿಗೆ ಟಿವಿ ಇರಲಿಲ್ಲ. ಎರಡು ಸೆಲ್ ಹಾಕಿದ ರೇಡಿಯೋಗೆ ಆ ತೊಂದರೆ ಇಲ್ಲ. ಇಂಥ ಹೊತ್ತಿಗೆ ಜನ ನಂಬೋದು ದಿನಾ ಕೇಳಿ ಪರಿಚಯ ಆಗಿರೋ ದನಿಯನ್ನ. ಆ ಪರಿಚಯ ಬೆಳೆಯೋದು ಹಾಡು, ಹರಟೆ, ತಮಾಷೆಯಲ್ಲಿ. ಹಗುರ ಅಂತ ನಾವು ಪಕ್ಕಕ್ಕೆ ತಳ್ಳೋ ಕಾರ್ಯಕ್ರಮಗಳು ಮಾಡೋ ಕೆಲಸ ಅದು.

ಕೇಳುಗರು ಕಾರ್ಯಕ್ರಮದೊಳಗೆ ಬಂದಿದ್ದು ಫೋನಿನಿಂದಲ್ಲ, ಕಾರ್ಡಿನಿಂದ. ಕತೆ ಸ್ವಲ್ಪ ಹಿಂದಕ್ಕೆ ಹೋಗುತ್ತೆ. ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಪ್ರೊಫೆಸರು ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದ್ರು. ಒಂದು ಬಲ್ಬಿಗೆ ಬೇಕಾಗುವಷ್ಟು ಶಕ್ತಿ! ಅದಕ್ಕೆ ಅಲ್ಲಿ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರೇ ಬಂತು. ಅವರು ಪಾಠ ಮಾಡ್ತಿದ್ದಿದ್ದು ಯಾವ ವಿಷಯ ಗೊತ್ತಾ? ಮನಶ್ಶಾಸ್ತ್ರ. ರೇಡಿಯೋ ಅನ್ನೋದು ಯಂತ್ರಕ್ಕಿಂತ ಹೆಚ್ಚಾಗಿ ಮನಸ್ಸಿನ ವ್ಯವಹಾರ ಅಂತ ಅವರಿಗೆ ಅನಿಸಿರಬೇಕು. ಇದು ನನ್ನ ಊಹೆ, ಬಿಡಿ.

ಸ್ವಾತಂತ್ರ್ಯ ಬಂದ ಮೇಲೆ ಒಂದು ವಿಚಿತ್ರ ಆಯ್ತು. ಆಗಿನ ವಾರ್ತಾ ಮತ್ತು ಪ್ರಸಾರ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದ್ರೆ ಆಗ್ತಿರಲಿಲ್ಲ. ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಹೊರಗೆ ಹೋಯ್ತು. ಜನ ಸುಮ್ಮನೆ ಕೂತರಾ? ಸೂಜಿ ತಿರುಗಿಸಿ ರೇಡಿಯೋ ಸಿಲೋನ್ ಹಿಡಿದ್ರು. 1952ರಲ್ಲಿ ಅಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಶುರುವಾಯ್ತು. ಕಾಗದಗಳ ಪ್ರವಾಹ. 1957ರ ಅಕ್ಟೋಬರ್ 3ಕ್ಕೆ ಸರ್ಕಾರವೇ ಸೋತು ವಿವಿಧ ಭಾರತಿ ತಂತು. ಕೇಳುಗರು ಕಾಗದ ಬರೆದು ಗೆದ್ದ ಯುದ್ಧ ಅದು ಅಂದ್ರೆ ತಪ್ಪಿಲ್ಲ.

ಕೋರಿಕೆ ಕಾರ್ಯಕ್ರಮದಲ್ಲಿ ಹಾಡಿಗಿಂತ ಹೆಸರು ಮುಖ್ಯ. ಝುಮ್ರಿ ತಲೈಯಾ ಅನ್ನೋ ಊರಿನ ಹೆಸರು ಕೇಳಿರಬೇಕು ನೀವು. ಈಗಿನ ಝಾರ್ಖಂಡಿನ ಅಭ್ರಕದ ಗಣಿಗಳ ಊರು. ಅಲ್ಲಿಂದ ಎಷ್ಟು ಕಾಗದ ಬರ್ತಿತ್ತು ಅಂದ್ರೆ, ಇದು ರೇಡಿಯೋದವರೇ ಕಟ್ಟಿದ ಸುಳ್ಳು ಊರು ಅಂತ ಅರ್ಧ ದೇಶ ನಂಬಿತ್ತು. ಆ ಊರಿನ ಕೇಳುಗರು ಯಾರ ಹೆಸರು ಹೆಚ್ಚು ಸಲ ಬಂತು ಅಂತ ತಮ್ಮ ತಮ್ಮಲ್ಲೇ ಪೈಪೋಟಿ ಮಾಡ್ತಿದ್ರಂತೆ. ಇನ್ನೊಬ್ಬನ ಕಾರ್ಡು ಪೋಸ್ಟ್ ಆಫೀಸಿನಲ್ಲೇ ಮಾಯ ಮಾಡಿಸ್ತಿದ್ರು ಅನ್ನೋ ಕತೆಯೂ ಇದೆ. ನಮ್ಮ ಮಲೆನಾಡಿನಲ್ಲಿ ಅಷ್ಟು ಜಿದ್ದು ಇರಲಿಲ್ಲವೇನೋ, ಆದರೆ ಆಸೆ ಅದೇ. ಲೈನ್ ಮನೆಯಲ್ಲಿ ಇರೋ ಹೆಣ್ಣುಮಗಳ ಹೆಸರು, ಅವಳ ಊರಿನ ಹೆಸರು ಸಮೇತ, ಸರ್ಕಾರಿ ಪೆಟ್ಟಿಗೆಯಿಂದ ಗೌರವವಾಗಿ ಕೇಳಿಬರೋ ಜಾಗ ಬೇರೆ ಯಾವುದಿತ್ತು? ಹಾಜರಿ ಪುಸ್ತಕದಲ್ಲಿ ಒಂದು, ವೋಟರ್ ಲಿಸ್ಟಿನಲ್ಲಿ ಒಂದು. ಮೂರನೆಯದು ರೇಡಿಯೋ. ಅಲ್ಲಿ ಮಾತ್ರ ಅವಳ ಹೆಸರಿನ ಹಿಂದೆ ಹಾಡು ಬರ್ತಿತ್ತು.

ಆಮೇಲೆ ಫೋನ್ ಬಂತು. ಕಾರ್ಡಿನಲ್ಲಿ ಹೆಸರು ಹೋಗ್ತಿತ್ತು, ಫೋನಿನಲ್ಲಿ ದನಿಯೇ ಹೋಯ್ತು. ಅಲ್ಲಿಗೆ ಆಟದ ಸ್ವರೂಪವೇ ಬದಲಾಯ್ತು.

ಕಾಫಿ ಸೀಮೆಯ ಫೋನ್-ಇನ್ ಹ್ಯಾಗಿರುತ್ತೆ? ಹಾಡು ಯಾವುದು ಬೇಕು ಅಂತ ಕೇಳೋ ಮೊದಲು ಬರೋದು ಮಳೆ. ಈ ಜನರನ್ನ ಬಲ್ಲವರಿಗೆ ಇದು ಗೊತ್ತು. ಬೆಂಗಳೂರಿನವರು ಸಿಕ್ಕಿದ್ರೆ "ಟ್ರಾಫಿಕ್ ಹ್ಯಾಗಿತ್ತು" ಅಂತಾರೆ. ಮೂಡಿಗೆರೆಯವರು "ನಿಮ್ಮಲ್ಲಿ ಎಷ್ಟು ಬಂತು ಮಾರಾಯ್ರೆ?" ಅಂತಾರೆ. ಏನು ಬಂತು ಅಂತ ಹೇಳೋ ಅಗತ್ಯವೇ ಇಲ್ಲ. ಲೆಕ್ಕ ಇನ್ನೂ ಇಂಚು, ಸೆಂಟಿನಲ್ಲಿ. ದೇಶ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲ ಆಯ್ತು, ತೋಟದವರು ಹೋಗಿಲ್ಲ. ಮನೆ ಅಂಗಳದಲ್ಲಿ ಮಳೆ ಅಳೆಯೋ ಅಳತೆ, ಗೋಡೆ ಮೇಲೆ ಕ್ಯಾಲೆಂಡರ್, ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ಪೆನ್ಸಿಲಿನಲ್ಲಿ ಬರೆದ ಅಂಕಿ. ಅಜ್ಜನ ಕಾಲದ ಪುಸ್ತಕ ಬೇಕಿದ್ರೂ ತೆಗೆದು ತೋರಿಸ್ತಾರೆ.

ಹೂಮಳೆ ಕಾಲದಲ್ಲಂತೂ ಇದು ಜೀವನ್ಮರಣದ ಪ್ರಶ್ನೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಗಿಡವೆಲ್ಲ ಬಿಳಿ ಹೂ. ಬೀಳದಿದ್ರೆ ಮುಂದಿನ ವರ್ಷದ ಫಸಲಿಗೆ ಪೆಟ್ಟು. ಮಜಾ ಅಂದ್ರೆ ಈ ಮಳೆ ರಸ್ತೆ ಈ ಕಡೆ ಬಿದ್ದು ಆ ಕಡೆ ಬೀಳದೇ ಇರಬಹುದು. ಇಂಥ ಹೊತ್ತಲ್ಲಿ ರೇಡಿಯೋದವರು "ಇವತ್ತು ನಿಮ್ಮಲ್ಲಿ ಮಳೆ ಎಷ್ಟು?" ಅಂತ ಒಂದು ಆಟ ಇಟ್ಟರೆ ಹ್ಯಾಗಿರುತ್ತೆ ಊಹಿಸಿ. ಗೋಣಿಬೀಡಿನವರು ಮುಕ್ಕಾಲು ಇಂಚು ಅಂತಾರೆ. ಬಾಳೂರಿನವರು ಫೋನ್ ಮಾಡಿ ಒಂದು ಇಂಚು ಇಪ್ಪತ್ತು ಸೆಂಟು ಅಂತಾರೆ, ದನಿಯಲ್ಲಿ ಸ್ವಲ್ಪ ಗತ್ತು. ಸಂಸೆಯವರು "ನಮ್ಮಲ್ಲಿ ಅಳತೆಯೇ ತುಂಬಿ ಹೋಯ್ತು" ಅಂತ ಬಿಡ್ತಾರೆ. ಆಲ್ದೂರಿನವರು ನಿಟ್ಟುಸಿರು ಬಿಟ್ಟು "ನಮ್ಮಲ್ಲಿ ಬರೀ ಗುಡುಗು" ಅಂತಾರೆ. ನಿರೂಪಕರು "ಗುಡುಗು ಎಷ್ಟು ಇಂಚು ಬಂತು?" ಅಂದ್ರೆ ಮುಗೀತು, ಇಡೀ ಸೀಮೆ ನಗುತ್ತೆ. ಸುಳ್ಳು ಹೇಳಿದವರೂ ನಗ್ತಾರೆ, ಯಾಕೆಂದ್ರೆ ಪಕ್ಕದ ತೋಟದವರು ಕೇಳ್ತಾ ಇದಾರೆ ಅಂತ ಅವರಿಗೂ ಗೊತ್ತು. ನಗೆಯ ಒಳಗೆ ಹವಾಮಾನ ವರದಿಯೂ ಸಿಕ್ಕಿತು. ಯಾವ ಸ್ಯಾಟಲೈಟೂ ಬಾಳೂರು-ಜಾವಳಿ ಮಧ್ಯದ ವ್ಯತ್ಯಾಸ ಇಷ್ಟು ಚೆನ್ನಾಗಿ ಹೇಳಲ್ಲ.

ಇಂಥ ಕಾರ್ಯಕ್ರಮದ ಒಳಗುಟ್ಟು ಸ್ವಲ್ಪ ಹೇಳ್ತೀನಿ. ನಿಮ್ಮ ಫೋನನ್ನ ಮೊದಲು ಎತ್ತೋರು ಸಾಮಾನ್ಯವಾಗಿ ನಿರೂಪಕರಲ್ಲ. ಇನ್ನೊಬ್ಬರು ಇರ್ತಾರೆ. ಹೆಸರು, ಊರು, ಏನು ಹೇಳ್ತೀರಿ ಅಂತ ಕೇಳಿ ಲೈನ್ ಹಾಕ್ತಾರೆ. ಕೆಲವು ಕಡೆ ಪ್ರಸಾರವನ್ನೇ ಕೆಲವು ಸೆಕೆಂಡ್ ತಡವಾಗಿ ಬಿಡ್ತಾರೆ, ಯಾರಾದ್ರೂ ಕೆಟ್ಟ ಮಾತು ಆಡಿದ್ರೆ ಕತ್ತರಿಸೋಕೆ. ಈ ಜರಡಿ ಇರೋದು ಕೇಳುಗರ ಮೇಲೆ ಅನುಮಾನದಿಂದ ಮಾತ್ರ ಅಲ್ಲ. ಫೋನ್ ಮಾಡಿದವರು ಗಾಬರಿಯಲ್ಲಿ ಮನೆ ಜಗಳ, ಸಾಲದ ವಿಷಯ ಎಲ್ಲ ಹೊರಗೆ ಹಾಕಿಬಿಡಬಾರದು ಅನ್ನೋ ಕಾಳಜಿಯೂ ಇದೆ. ಒಳ್ಳೆ ನಿರೂಪಕರ ಅರ್ಧ ಪ್ರತಿಭೆ ಮಾತಾಡಿಸೋದರಲ್ಲಿ ಇದ್ರೆ, ಇನ್ನರ್ಧ "ಆಯ್ತಮ್ಮ, ಹಾಡು ಕೇಳೋಣ" ಅಂತ ಸರಿಯಾದ ಕ್ಷಣಕ್ಕೆ ಬಾಯಿ ಮುಚ್ಚಿಸೋದರಲ್ಲಿದೆ. ಆ ಎರಡನೇ ಅರ್ಧ ನಮ್ಮ ಟಿವಿ ಚರ್ಚೆಗಳಿಗೂ ಬಂದಿದ್ರೆ ಚೆನ್ನಾಗಿತ್ತು.

ಆಕಾಶವಾಣಿಯ ನಗು ಮೊದಲಿನಿಂದಲೂ ಸಭ್ಯ. ಧರ್ಮ ನಿಂದನೆ, ಅಶ್ಲೀಲ, ಮಾನಹಾನಿ, ಹಿಂಸೆಗೆ ಪ್ರಚೋದನೆ, ಇವೆಲ್ಲ ಬೇಡ ಅಂತ ಅದಕ್ಕೊಂದು ಪ್ರಸಾರ ಸಂಹಿತೆ ಇದೆ. ಎ.ಎಸ್. ಮೂರ್ತಿ ಅವರನ್ನ ಜನ ಕರೀತಿದ್ದಿದ್ದೇ ಆಕಾಶವಾಣಿ ಈರಣ್ಣ ಅಂತ. ಪಾತ್ರದ ಹೆಸರು ಮನುಷ್ಯನ ಹೆಸರನ್ನೇ ನುಂಗಿಬಿಟ್ಟಿತ್ತು. ಅಲ್ಲಿ ತಮಾಷೆಯ ಭಾರ ಹೊತ್ತಿದ್ದು ಪಾತ್ರ. ಕೇಳುಗ ಅಲ್ಲ. ಈ ಸಭ್ಯತೆ ಕೆಲವೊಮ್ಮೆ ಸಪ್ಪೆ ಆಗ್ತಿತ್ತು ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಹತ್ತು ನಿಮಿಷದ ಪ್ರಹಸನದಲ್ಲಿ ಎರಡು ಸಲ ನಗು ಬಂದ್ರೆ ಪುಣ್ಯ ಅನ್ನೋ ಕಾಲವೂ ಇತ್ತು.

2001ರ ಜುಲೈಯಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂತು. ದೇಶಕ್ಕೇ ಮೊದಲು. ರೇಡಿಯೋ ಭಾಷೆ ಸಡಿಲವಾಯ್ತು, ಬೀದಿಗೆ ಹತ್ತಿರ ಆಯ್ತು, ಅದು ಒಳ್ಳೇದೇ. ಅದರ ಜೊತೆ ಪ್ರಾಂಕ್ ಕಾಲ್ ಬಂತು. ಅಂದ್ರೆ ಕೇಳುಗರು ರೇಡಿಯೋಗೆ ಫೋನ್ ಮಾಡೋದಲ್ಲ, ರೇಡಿಯೋದವರೇ ಯಾರಿಗೋ ಸುಳ್ಳು ಹೆಸರಲ್ಲಿ ಫೋನ್ ಮಾಡಿ ಅವರ ಸಿಟ್ಟು, ಗಾಬರಿ, ಪೆಚ್ಚುತನ ರೆಕಾರ್ಡ್ ಮಾಡಿ ಊರಿಗೆಲ್ಲ ಕೇಳಿಸೋದು. ದಾನಿಶ್ ಸೇಠ್ ಬೆಂಗಳೂರಿನ ಎಫ್‌ಎಂನಲ್ಲಿ ಮಾಡ್ತಿದ್ದ ಕರೆಗಳು ಎಷ್ಟು ಹೆಸರಾದವು ಅಂದ್ರೆ, ಅಲ್ಲಿ ಹುಟ್ಟಿದ ನೋಗ್‌ರಾಜ್ ಅನ್ನೋ ಪುಢಾರಿ ಪಾತ್ರ 2018ರಲ್ಲಿ ಸಿನಿಮಾನೇ ಆಯ್ತು. ಆ ಪಾತ್ರ ಗೆದ್ದಿದ್ದಕ್ಕೆ ಕಾರಣ ಇದೆ. ಅಲ್ಲಿ ನಾವು ನಗ್ತಿದ್ದಿದ್ದು ಹೆಚ್ಚಾಗಿ ಆ ಪುಢಾರಿಯ ದರ್ಪ, ದುರಾಸೆ ಕಂಡು. ಆ ಕಡೆ ಫೋನ್ ಹಿಡಿದವನು ನಮ್ಮ ಪ್ರತಿನಿಧಿ ಇದ್ದ ಹಾಗೆ. ಎಲ್ಲರಿಗೂ ಆ ಕುಶಲತೆ ಇರಲ್ಲ. ನಕಲು ಮಾಡಿದವರ ಕೈಯಲ್ಲಿ ಅದು ಬರೀ ಬೈಗುಳ ಹೊರಡಿಸೋ ಆಟ ಆಯ್ತು.

ಇದು ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಒಂದು ಉದಾಹರಣೆ ಜಗತ್ತಿಗೇ ಗೊತ್ತು. ಅದು ನಮ್ಮ ಮನೆ ಬಾಗಿಲಿಗೇ ಬಂದ ಉದಾಹರಣೆ. 2012ರ ಡಿಸೆಂಬರ್. ಬ್ರಿಟನ್ನಿನ ರಾಜಕುಮಾರನ ಪತ್ನಿ ಗರ್ಭಿಣಿ, ಲಂಡನ್ನಿನ ಆಸ್ಪತ್ರೆಯಲ್ಲಿದ್ದರು. ಸಿಡ್ನಿಯ 2ಡೇ ಎಫ್‌ಎಂ ಅನ್ನೋ ಸ್ಟೇಷನ್ನಿನ ಇಬ್ಬರು ನಿರೂಪಕರು ರಾಣಿ ಎಲಿಜಬೆತ್ ಮತ್ತು ಚಾರ್ಲ್ಸ್ ಅಂತ ಹೇಳಿಕೊಂಡು ಅಲ್ಲಿಗೆ ಫೋನ್ ಮಾಡಿದ್ರು. ಬೆಳಗಿನ ಜಾವ. ಸ್ವಾಗತಕಾರರು ಇಲ್ಲದ ಹೊತ್ತು. ಫೋನ್ ಎತ್ತಿದ ದಾದಿ ನಿಜ ಅಂತ ನಂಬಿ ವಾರ್ಡಿಗೆ ಲೈನ್ ಕೊಟ್ಟರು. ಅವರು ಮಾಡಿದ್ದು ಅಷ್ಟೇ. ರೋಗಿಯ ವಿವರ ಹೇಳಿದ್ದು ಇನ್ನೊಬ್ಬರು. ರೆಕಾರ್ಡ್ ಮಾಡಿದ ಕರೆ ಪ್ರಸಾರವಾಗಿ ಜಗತ್ತೆಲ್ಲ ನಕ್ಕಿತು. ಡಿಸೆಂಬರ್ 7ಕ್ಕೆ, ಫೋನ್ ಎತ್ತಿದ ಆ ದಾದಿ ಜೀವ ಕಳೆದುಕೊಂಡಿದ್ರು. ಅವರು ನಮ್ಮ ಕರಾವಳಿಯ ಹೆಣ್ಣುಮಗಳು. ಪಾರ್ಥಿವ ಶರೀರ ಉಡುಪಿ ಜಿಲ್ಲೆಗೆ ಬಂತು. ಕುದುರೆಮುಖದ ಗುಡ್ಡದ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದ್ರೆ ಕೆಳಗೆ ಕಾಣೋ ಸೀಮೆ ಅದು.

ಆ ಇಬ್ಬರು ನಿರೂಪಕರು ಕೊಲೆಗಡುಕರಲ್ಲ. ಇಷ್ಟು ಕೆಟ್ಟ ಉಚ್ಚಾರಣೆಗೆ ಯಾರು ಮೋಸ ಹೋಗ್ತಾರೆ, ತಕ್ಷಣ ಫೋನ್ ಕುಕ್ತಾರೆ, ಅದೇ ತಮಾಷೆ ಅಂದ್ಕೊಂಡಿದ್ರು ಅಂತ ಆಮೇಲೆ ಹೇಳಿದ್ರು. ನಾನು ಅದನ್ನ ನಂಬ್ತೀನಿ. ಆದರೆ ಅವರ ಲೆಕ್ಕದಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿತ್ತು. ದೂರದ ಊರಿಂದ ಬಂದು ರಾತ್ರಿ ಪಾಳಿ ಮಾಡೋ ಕೆಲಸಗಾರರಿಗೆ, ದೊಡ್ಡವರ ಹೆಸರು ಕೇಳಿದ ತಕ್ಷಣ ಫೋನ್ ಕುಕ್ಕೋ ಸ್ವಾತಂತ್ರ್ಯ ಇರಲ್ಲ. ಪ್ರಸಾರ ಮಾಡೋ ಮೊದಲು ಅವರ ಒಪ್ಪಿಗೆ ಯಾರೂ ತಗೊಂಡಿರಲಿಲ್ಲ. ಆಸ್ಟ್ರೇಲಿಯಾದ ಪ್ರಸಾರ ನಿಯಂತ್ರಣ ಸಂಸ್ಥೆ ಇದರ ಹಿಂದೆ ಬಿತ್ತು. ಸ್ಟೇಷನ್ನಿನವರು ಕೋರ್ಟಿಗೆ ಹೋದ್ರು. 2015ರ ಮಾರ್ಚಿನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ನಿಯಂತ್ರಣ ಸಂಸ್ಥೆಯ ಪರವಾಗಿ ತೀರ್ಪು ಕೊಡ್ತು. ಲೈಸೆನ್ಸ್ ಷರತ್ತು ಮುರಿದಿದ್ದಾರೆ ಅಂತ ತೀರ್ಮಾನಿಸೋಕೆ ಸಂಸ್ಥೆಗೆ ಅಧಿಕಾರ ಇದೆ ಅಂತ.

ಈಗ ಇದನ್ನ ಗುಡ್ಡದ ಮೇಲಕ್ಕೆ ತಗೊಂಡು ಬನ್ನಿ. ಬೆಂಗಳೂರಿನಲ್ಲಿ ಒಬ್ಬರಿಗೆ ಪ್ರಾಂಕ್ ಮಾಡಿದ್ರೆ ಕೋಟಿ ಜನರ ನಡುವೆ ಅವರು ಕರಗಿ ಹೋಗ್ತಾರೆ. ಮೂಡಿಗೆರೆಯಲ್ಲಿ ಕರಗೋದಕ್ಕೆ ಜಾಗ ಇಲ್ಲ. ಹೆಸರು ಹೇಳದಿದ್ರೂ ದನಿ ಕೇಳಿದ ತಕ್ಷಣ "ಇದು ಮೇಲಿನ ಎಸ್ಟೇಟಿನ ರೈಟರು" ಅಂತ ಗುರುತು ಹಿಡೀತಾರೆ. ಒಬ್ಬ ಆರ್‌ಜೆ ಬ್ಯಾಂಕಿನವರ ಹೆಸರಲ್ಲಿ ಸಣ್ಣ ಬೆಳೆಗಾರನಿಗೆ ಫೋನ್ ಮಾಡಿ, ನಿಮ್ಮ ಸಾಲಕ್ಕೆ ತೋಟ ಹರಾಜು ಅಂತ ಹೆದರಿಸಿದ ಅಂದ್ಕೊಳ್ಳಿ. ಎರಡು ನಿಮಿಷ ಆದ ಮೇಲೆ "ತಮಾಷೆಗೆ ಸಾರ್!" ಅಂತ ಹೇಳಿ ಹಾಡು ಹಾಕಿದ. ಆರ್‌ಜೆಗೆ ಮುಗೀತು. ಬೆಳೆಗಾರನಿಗೆ? ಸಾಲ ಇದೆ ಅನ್ನೋದು ಸಂತೆಯಲ್ಲಿ ಎಲ್ಲರಿಗೂ ಗೊತ್ತಾಯ್ತು. ಗೌಡ್ರು ಫೋನಿನಲ್ಲಿ ತೊದಲಿದ್ದು ಮುಂದಿನ ಮೂರು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಡೆಯುತ್ತೆ. ಇನ್ನು ಲೈನ್ ಮನೆಯಲ್ಲಿರೋ ಅಸ್ಸಾಮಿನ ಹುಡುಗನಿಗೆ ಫೋನ್ ಮಾಡಿ ಅವನ ತೊಡರುಗನ್ನಡ ಕೇಳಿಸಿ ನಗಿಸೋದು ಇನ್ನೂ ಸುಲಭ. ಎಷ್ಟು ಸುಲಭವೋ ಅಷ್ಟೇ ಹೇಡಿತನದ ಕೆಲಸ.

ಇನ್ನೊಂದು ಸಂಗತಿ ಈ ಕಾಲಕ್ಕೆ ಸೇರಿದ್ದು. ಪೊಲೀಸ್, ಕಸ್ಟಮ್ಸ್, ಸಿಬಿಐ ಅಂತ ಸುಳ್ಳು ಹೇಳಿ ಫೋನಿನಲ್ಲೇ ಜನರನ್ನ ಹೆದರಿಸಿ ದುಡ್ಡು ಕೀಳೋ ದಂಧೆ, ಆ "ಡಿಜಿಟಲ್ ಅರೆಸ್ಟ್", ನೀವು ನಮ್ಮ ಚಾನೆಲ್ಲಿನಲ್ಲೇ ನೋಡ್ತಾ ಇದೀರಿ. ಗುರುತಿಲ್ಲದ ನಂಬರಿನಿಂದ ಯಾರೋ ಅಧಿಕಾರಿ ಅಂತ ಮಾತಾಡಿದ್ರೆ ನಂಬಬೇಡಿ, ಮೋಸ ಆಗಿದ್ರೆ 1930ಕ್ಕೆ ಫೋನ್ ಮಾಡಿ ಅಂತ ಸರ್ಕಾರ ಹೇಳಿ ಹೇಳಿ ಸುಸ್ತಾಗಿದೆ. ಅದೇ ವೇಷ, ಅದೇ ದನಿ ಹಾಕಿ ರೇಡಿಯೋದವರು ತಮಾಷೆ ಮಾಡಿದ್ರೆ ಜನ ಯಾವುದನ್ನ ನಗಬೇಕು, ಯಾವುದಕ್ಕೆ ದೂರು ಕೊಡಬೇಕು?

ಪ್ರಾಂಕ್ ನಿಷೇಧಿಸಿ ಅಂತ ನಾನು ಹೇಳ್ತಾ ಇಲ್ಲ. ನಿಷೇಧದಿಂದ ನಗು ಹುಟ್ಟಲ್ಲ, ಕೇಸ್ಕರ್ ಕಾಲದಲ್ಲೇ ನೋಡಿದೀವಿ. ಖಾಸಗಿ ಎಫ್‌ಎಂಗೆ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯೇ ಅನ್ವಯ ಅಂತ ಪರವಾನಗಿ ಒಪ್ಪಂದದಲ್ಲೇ ಇದೆ. ಕಾಗದದ ಮೇಲೆ ಕಡಿವಾಣ ಇದೆ ಅಂತಾಯ್ತು. ನನಗೆ ಬೇಕಾಗಿರೋದು ಸರಳ ಪದ್ಧತಿ. ರೆಕಾರ್ಡ್ ಮಾಡಿ ಆದ ಮೇಲೆ ಆ ವ್ಯಕ್ತಿಗೆ ನಿಜ ಹೇಳಿ, ಕೇಳಿಸಿ, "ಹಾಕಬಹುದಾ?" ಅಂತ ಕೇಳಿ. ಬೇಡ ಅಂದ್ರೆ ಅಳಿಸಿ. ಆಗ ತಾನೇ ಪೆಚ್ಚಾದವರು "ಹಾಕಿ" ಅನ್ನೋದು ನಾಚಿಕೆಯಿಂದಲೂ ಇರಬಹುದು, ಹಾಗಾಗಿ ಮಾರನೇ ದಿನ ಇನ್ನೊಮ್ಮೆ ಕೇಳಿ. ಇದರಿಂದ ಒಂದಷ್ಟು ಒಳ್ಳೆ ಪ್ರಾಂಕ್ ಕೈತಪ್ಪಿ ಹೋಗುತ್ತೆ, ಹೋಗಲಿ.

ಹರಾಜಿನ ಹೊರಗೆ ಇನ್ನೊಂದು ದಾರಿಯೂ ಇದೆ. ಅದರ ಬಗ್ಗೆ ಮಲೆನಾಡಿನವರು ಮಾತಾಡೋದು ಕಡಿಮೆ. ಸಮುದಾಯ ರೇಡಿಯೋ. ಬಾನಿನ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳ್ತು. 2006ರಲ್ಲಿ ಕೇಂದ್ರ ಸರ್ಕಾರ ಸೇವಾ ಸಂಸ್ಥೆಗಳಿಗೂ ಸಣ್ಣ ಸ್ಟೇಷನ್ ನಡೆಸೋ ಅವಕಾಶ ಕೊಡ್ತು. ಶಕ್ತಿ 100 ವ್ಯಾಟ್. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರು ಸೇರಿ ತಯಾರಿಸಿದ್ದೇ ಇರಬೇಕು, ಆದಷ್ಟೂ ಅಲ್ಲಿನ ಭಾಷೆ, ಅಲ್ಲಿನ ಆಡುಮಾತಿನಲ್ಲೇ ಇರಬೇಕು ಅಂತ ನೀತಿಯಲ್ಲೇ ಬರೆದಿದೆ. ಕೇಳುಗರು ಅಲ್ಲಿ ಅತಿಥಿಗಳಲ್ಲ, ಮನೆಯವರು. ಸರಗೂರಿನಲ್ಲಿ ಜನಧ್ವನಿ ಇದೇ ದಾರಿಯಲ್ಲಿ ಕಾಡಂಚಿನ ಹಾಡಿಗಳ ದನಿಯನ್ನ ರೇಡಿಯೋಗೆ ತಂದಿದೆ. ಸ್ವಂತ ಸುದ್ದಿ ಹೇಳೋ ಹಾಗಿಲ್ಲ ಅನ್ನೋ ನಿರ್ಬಂಧ ಇದೆ. ಸುದ್ದಿ ಚಾನೆಲ್ಲಿನವನಾಗಿ ಅದು ನನಗೆ ಸರಿ ಕಾಣಲ್ಲ, ಆದರೆ ಸದ್ಯಕ್ಕೆ ನಿಯಮ ಅದು. ಮಳೆ ಎಷ್ಟು ಬಂತು ಅನ್ನೋದಕ್ಕೆ ಅಡ್ಡಿ ಇಲ್ಲ.

ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ಕಾಲೇಜು, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ಸೇವಾ ಸಂಸ್ಥೆ, ಇವರೆಲ್ಲ ಇದಕ್ಕೆ ಅರ್ಜಿ ಹಾಕಬಹುದು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಎಲೆ ತುಕ್ಕಿನ ಬಗ್ಗೆ ಅವರು ಹೊರಡಿಸೋ ಕರಪತ್ರ ಎಷ್ಟು ಜನ ಓದ್ತಾರೋ, ಅದನ್ನೇ ಬಣಕಲ್ಲಿನ ಯಾವುದೋ ಅಜ್ಜಿ ಫೋನ್ ಮಾಡಿ "ನಮ್ಮ ಗಿಡಕ್ಕೆ ಅರಿಶಿನ ಬಳಿದ ಹಾಗೆ ಆಗಿದೆಯಲ್ಲ ಮಗಾ, ಯಾರು ಮದುವೆ ಮಾಡಿಸ್ತಿದಾರೆ?" ಅಂತ ಕೇಳಿದ್ರೆ ಊರೆಲ್ಲ ಕಿವಿಗೊಡುತ್ತೆ.

ತಾಂತ್ರಿಕವಾಗಿ ಒಂದೇ ತೊಡಕು. ಮೂಡಿಗೆರೆಯಲ್ಲಿ 100 ವ್ಯಾಟಿನ ಸ್ಟೇಷನ್ ಹಾಕಿದ್ರೆ ಅದು ಕಳಸಕ್ಕೆ ಕೇಳಲ್ಲ, ನಡುವೆ ಗುಡ್ಡಗಳು ನಿಂತಿವೆ. ಚಿಕ್ಕಮಗಳೂರಿನ ಖಾಸಗಿ ಎಫ್‌ಎಂ ಕೂಡ ಅಲ್ಲಿಗೆ ತಲುಪೋದು ಅನುಮಾನ. ದೂರದಿಂದ ಗುಡ್ಡ ಹತ್ತಿ ಬರ್ತಿದ್ದ ಮೀಡಿಯಂ ವೇವನ್ನ ಆಕಾಶವಾಣಿ ದೇಶದ ಹಲವು ಕಡೆ ಒಂದೊಂದಾಗಿ ನಿಲ್ಲಿಸ್ತಾ ಬಂದಿದೆ. ಆ್ಯಪಿನಲ್ಲಿ ಕೇಳಿ ಅಂದ್ರೆ, ಹೊರನಾಡು ಸುತ್ತಮುತ್ತ ಎಷ್ಟೋ ಮನೆಯವರು ನೆಟ್‌ವರ್ಕಿಗೆ ಇನ್ನೂ ಗುಡ್ಡ ಹತ್ತಬೇಕು. ಹಾಗಾಗಿ ಕಳಸಕ್ಕೆ ಕಳಸದ್ದೇ ಒಂದು ಸ್ಟೇಷನ್ ಬೇಕು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನ, ಈ ದಡದವರು ಆ ದಡದವರಿಗೆ "ಇವತ್ತು ಬರಬೇಡಿ, ಸೇತುವೆ ಮೇಲೆ ಎಷ್ಟು ಅಡಿ ನೀರು ಗೊತ್ತಾ?" ಅಂತ ಹೇಳೋದಕ್ಕೂ, ಆ ದಡದವರು "ನೀವು ಅಳತೆ ಮಾಡೋದು ಯಾವಾಗಲೂ ಜಾಸ್ತಿಯೇ ಮಾರಾಯ್ರೆ" ಅಂತ ಉತ್ತರ ಕೊಡೋದಕ್ಕೂ.